ಕಾಯಿಕೊರಕಕ್ಕೆ ಎಚ್‌ಎನ್‌ಪಿವಿ: ಕೊಳ್ಳಬಹುದು, ಆದರೆ ಹುಳ ಸಣ್ಣದಿದ್ದಾಗ

ಅಜ್ಜಂಪುರ, ಕಡೂರು ಕಡೆಯ ಕಡಲೆಗೂ ಅರಸೀಕೆರೆ ಕಡೆಯ ತೊಗರಿ, ಅವರೆಗೂ ಕಾಯಿಕೊರಕದ ಕಾಟ ತಪ್ಪಿದ್ದಲ್ಲ. ಎಚ್‌ಎನ್‌ಪಿವಿ ಅಂದರೆ ಆ ಹುಳಕ್ಕೇ ರೋಗ ತರುವ ನಂಜಾಣುವಿನ (ವೈರಸ್) ದ್ರವ. ಒಳ್ಳೆ ಸರಕು. 'ಹೊಡೆದೆ, ಏನೂ ಆಗಲಿಲ್ಲ' ಅನ್ನುವವರಲ್ಲಿ ಹೆಚ್ಚಿನವರು ತಡವಾಗಿ ಹೊಡೆದವರು.

ಇದು ಮೈಗೆ ತಾಗಿದರೆ ಸಾಲದು, ಹೊಟ್ಟೆಗೆ ಹೋಗಬೇಕು. ಮೊಟ್ಟೆ, ಮರಿಹುಳ ಕಾಣುವಾಗಲೇ ಮೊಗ್ಗು, ಎಲೆ ಪೂರ್ತಿ ನೆನೆಯುವಂತೆ ಸಿಂಪಡಿಸಿ. ಬೆರಳುದ್ದ ಬೆಳೆದು ಕಾಯೊಳಗೆ ತಲೆ ತೂರಿಸಿದ ಹುಳಕ್ಕೆ ದುಡ್ಡು ದಂಡ. ಬಿಸಿಲಿಗೆ ನಂಜಾಣು ಸಾಯುವುದರಿಂದ ಸಂಜೆಯೇ ಸರಿ.

ಶಿಫಾರಸು ಎಕರೆಗೆ 100 ಎಲ್‌.ಇ. (ಲಾರ್ವಲ್ ಇಕ್ವಿವಲೆಂಟ್, ನಂಜಾಣು ಅಳೆಯುವ ಲೆಕ್ಕ). ಒಂದು ಎಲ್‌.ಇ. ಅಂದರೆ 600 ಕೋಟಿ ನಂಜಾಣು ಕಣ. ಬಾಟಲಿಯಲ್ಲಿ ಮಿಲಿಗೆ 100 ಕೋಟಿ ಇದ್ದರೆ 600 ಮಿಲಿ ಬೇಕಾಗುತ್ತದೆ. ಹಾಗಾಗಿ ಬೆಲೆ ಹೋಲಿಸುವಾಗ ಮಿಲಿ ನೋಡಬೇಡಿ, ಕಣದ ಲೆಕ್ಕ ನೋಡಿ. ತಯಾರಾದ ತಾರೀಖನ್ನೂ ನೋಡಿ. ಬಿಸಿಲು ಬೀಳುವ ಶೆಲ್ಫಿನಲ್ಲಿಟ್ಟ ಬಾಟಲಿ ಬೇಡ. 200 ಲೀಟರ್ ನೀರಿಗೆ 1 ಕೆಜಿ ಬೆಲ್ಲ ಕರಗಿಸಿ ಸೋಸಿ ಹಾಕಿ, ಜೊತೆಗೆ ಅಂಟು ದ್ರಾವಣ. ಬೆಲ್ಲದ ರುಚಿಗೆ ಹುಳ ಚೆನ್ನಾಗಿ ತಿನ್ನುತ್ತದೆ.

ಮಲೆನಾಡಿನ ಅಂಚಿನವರು ಗಮನಿಸಿ: ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಡ್ರಮ್ಮನ್ನು ತೊಳೆಯದೆ ಬಳಸಿದರೆ ಸುಣ್ಣದ ಕ್ಷಾರಕ್ಕೆ ಕಣದ ಕವಚ ಕರಗಿ ಮದ್ದು ಡ್ರಮ್ಮಿನಲ್ಲೇ ಹಾಳು.

ಮರುದಿನವೇ ಹುಳ ಉದುರುವುದಿಲ್ಲ. ನಾಲ್ಕರಿಂದ ಏಳು ದಿನ ಹಿಡಿಯುತ್ತದೆ. ಮೊದಲು ಮೇಯುವುದು ನಿಲ್ಲುತ್ತದೆ, ಆಮೇಲೆ ಹುಳ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತು ಬೀಳುತ್ತದೆ. ಮುಟ್ಟಿದರೆ ಚರ್ಮ ಹರಿದು ನೀರಾದ ಮೈ ಸುರಿಯುತ್ತದೆ. ಆ ರಸ ಬಿದ್ದ ಎಲೆ ತಿಂದ ಹುಳಕ್ಕೂ ಅದೇ ಗತಿ, ಸತ್ತದ್ದನ್ನು ಆರಿಸಿ ಎಸೆಯಬೇಡಿ.

ರೇಷ್ಮೆ ಸಾಕುವವರಿಗೆ ಭಯ ಬೇಡ. ರೇಷ್ಮೆಹುಳಕ್ಕೆ ಹಾಲುತೊಂಡೆ ರೋಗ ತರುವುದೂ ಇದೇ ಬಗೆಯ ನಂಜಾಣುವೇ, ಆದರೆ ಕಾಯಿಕೊರಕದ್ದು ರೇಷ್ಮೆಹುಳಕ್ಕೆ ಹತ್ತುವುದಿಲ್ಲ. ಅದೇ ಕಾರಣಕ್ಕೆ ಜೋಳದ ಸೈನಿಕ ಹುಳಕ್ಕೆ ಈ ಬಾಟಲಿ ದಂಡ, ಅದರ ನಂಜಾಣುವೇ ಬೇರೆ. ಇನ್ನು ಕಾಫಿಯ ಕಾಂಡಕೊರಕಕ್ಕೂ ಆಗುತ್ತೆ ಅಂತ ಅಂಗಡಿಯವರು ಹೇಳಿದರೆ ಬಾಟಲಿ ವಾಪಸ್ ಕೊಡಿ. ಅದು ದುಂಬಿಯ ಮರಿ, ಕಾಯಿಕೊರಕದ ಹಾಗೆ ಪತಂಗದ್ದಲ್ಲ.