ನಾಲಿಗೆ ಜುಮ್ಮೆಂದರೆ ಔಷಧಿ ಹಿಡಿದಿದೆ ಅಂತಲ್ಲ

ಅಪ್ಪನ ಮಂಡಿನೋವು ಹಳೆಯದು. ಹೋದ ಜನವರಿಯಲ್ಲಿ ಶಿರಾ ಕಡೆಯಿಂದ ಬರುವಾಗ ಹೆದ್ದಾರಿ ಬದಿಯ ಒಂದು ಟೆಂಟಿನಲ್ಲಿ 600 ರೂಪಾಯಿ ಕೊಟ್ಟು ಬೇರು ತಂದರು. ಇಂಥ ಟೆಂಟು ನೀವೂ ನೋಡಿರುತ್ತೀರಿ. ಗಾಜಿನ ಭರಣಿಗಳಲ್ಲಿ ಬೇರು, ಒಣಗಿದ ಕಾಯಿ, ಪಕ್ಕದಲ್ಲಿ ನವಿಲುಗರಿ, ಮೇಲೊಂದು ‘ಹಿಮಾಲಯದ ಗಿಡಮೂಲಿಕೆ’ ಬೋರ್ಡು. “ಹಾಲಲ್ಲಿ ಕುದಿಸಿ ಕುಡೀರಿ ಯಜಮಾನ್ರೇ. ನಾಲಿಗೆ ಜುಮ್ಮೆಂದರೆ ಔಷಧಿ ಹಿಡೀತು ಅಂತ ತಿಳ್ಕೊಳ್ಳಿ” ಅಂದಿದ್ದನಂತೆ.

ಆ ಒಂದು ಮಾತಿನಿಂದ ನಮಗೆ ಒಂದು ಗಂಟೆ ಹಾಳಾಯಿತು.

ಮಾರನೇ ದಿನ ಬೆಳಿಗ್ಗೆ ಅಮ್ಮ ಅರ್ಧ ಬೇರು ಜಜ್ಜಿ ಹಾಲಿಗೆ ಹಾಕಿ, ಎರಡು ಕುದಿ ಬಂದ ಮೇಲೆ ಇಳಿಸಿದಳು. ಗ್ಯಾಸ್ ಮುಗಿಯುತ್ತಲ್ಲ ಅಂತ ಜಾಸ್ತಿ ಹೊತ್ತು ಇಡಲಿಲ್ಲ. ಅಪ್ಪ ಕುಡಿದು ಪೇಪರ್ ಹಿಡಿದು ಕೂತರು. ಕಾಲು ಗಂಟೆಗೆ ತುಟಿ ಜುಮ್ಮೆಂದಿತು. “ಹಿಡೀತು ನೋಡೇ” ಅಂತ ಖುಷಿಯಿಂದಲೇ ಹೇಳಿದರು. ಆಮೇಲೆ ಬಾಯೆಲ್ಲ ಮರಗಟ್ಟಿತು. ಬೆರಳ ತುದಿಗೂ ಹಬ್ಬಿತು. ವಾಂತಿ ಶುರುವಾಯಿತು. ಬಚ್ಚಲಿಗೆ ಹೋಗೋಣ ಅಂದರೆ ಕಾಲಿಗೆ ಬಲವೇ ಇಲ್ಲ. ನಾನು ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಮೂರು ನಾಲ್ಕು ಹೊಡೆತ ಓಡುತ್ತದೆ, ತಟಕ್ಕನೆ ತಪ್ಪುತ್ತದೆ, ಮತ್ತೆ ಓಡುತ್ತದೆ. ಎಣಿಸೋಕೇ ಆಗಲಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಒಂದು ಬಡಿತದ ಗೆರೆ ಮೇಲಕ್ಕೆ, ಮುಂದಿನದು ಕೆಳಕ್ಕೆ, ಹೀಗೇ ಕಾಗದದ ಉದ್ದಕ್ಕೂ. ಅದನ್ನು ನೋಡಿದ ಡಾಕ್ಟರು ಮೊದಲು ಕೇಳಿದ್ದೇ “ಬೇರು ಗೀರು ಏನಾದರೂ ಕೊಟ್ರಾ?” ಅಂತ. ಪುಣ್ಯಕ್ಕೆ ಉಳಿದ ಅರ್ಧ ನನ್ನ ಜೇಬಲ್ಲಿತ್ತು. ಕಪ್ಪುಗಂದು ಬಣ್ಣ, ಕರುವಿನ ಕೊಂಬಿನ ಹಾಗೆ ತುದಿ ಚೂಪು. ವತ್ಸನಾಭಿ ಅನ್ನುವ ವಿಷದ ಗಿಡದ ಬೇರು.

ಅದರಲ್ಲಿರುವ ವಿಷದ ಹೆಸರು ಅಕೋನಿಟಿನ್. ಶುದ್ಧ ರೂಪದಲ್ಲಿ ಸುಮಾರು 2 ಮಿಲಿಗ್ರಾಂ ಸಾಕು, ಜೀವ ಹೋಗಬಹುದು. ಡಾಕ್ಟರು ವಿವರಿಸಿದ್ದು ಹೀಗೆ. ಹೃದಯದ ಜೀವಕೋಶಗಳ ಗೋಡೆಯಲ್ಲಿ ಸೋಡಿಯಂ ಒಳಗೆ ಬರಲು ಪುಟ್ಟ ಪುಟ್ಟ ಬಾಗಿಲುಗಳಿವೆ, ಸೋಡಿಯಂ ಚಾನೆಲ್ ಅಂತಾರೆ. ಬಡಿತಕ್ಕೊಮ್ಮೆ ತೆರೆದು, ಕೆಲವೇ ಮಿಲಿಸೆಕೆಂಡಿನಲ್ಲಿ ಮುಚ್ಚಿಕೊಳ್ಳಬೇಕು. ಅಕೋನಿಟಿನ್ ತೆರೆದ ಬಾಗಿಲಿಗೆ ಕಲ್ಲು ಒತ್ತಿಟ್ಟ ಹಾಗೆ. ಮುಚ್ಚುವುದೇ ಇಲ್ಲ. ಕೋಶ ಸುಧಾರಿಸಿಕೊಳ್ಳುವ ಮೊದಲೇ ಮತ್ತೆ ಮತ್ತೆ ಮಿಡಿಯುತ್ತದೆ, ತಾಳ ತಪ್ಪುತ್ತದೆ. ನರಗಳಲ್ಲೂ ಇಂಥದ್ದೇ ಬಾಗಿಲುಗಳಿವೆ. ತುಟಿ ಜುಮ್ಮೆಂದಿದ್ದು ಅದಕ್ಕೇ! ಇದಕ್ಕೆ ಇಂಥದ್ದೇ ಅಂತ ಪ್ರತಿವಿಷ ಇಲ್ಲ. ಎದೆಗೆ ಕರೆಂಟ್ ಶಾಕ್ ಕೊಟ್ಟರೂ ಎಷ್ಟೋ ಸಲ ತಾಳ ಸರಿಹೋಗುವುದಿಲ್ಲ, ವಿಷ ಇನ್ನೂ ಅಲ್ಲೇ ಕೂತಿರುತ್ತದೆ. ಅಪ್ಪನಿಗೆ ಹೃದಯದ ತಾಳ ಸರಿಪಡಿಸುವ ಅಮಿಯೋಡರೋನ್ ಔಷಧಿಯ ಡ್ರಿಪ್ ಹಾಕಿ ರಾತ್ರಿಯೆಲ್ಲ ಮಾನಿಟರ್ ಮುಂದೆ ಕಾದೆವು. ಬೆಳಗಿನ ಜಾವ ಗೆರೆ ಸರಿಯಾಯಿತು.

ಆಯುರ್ವೇದವನ್ನು ನಾನು ಬೈಯುತ್ತಿಲ್ಲ. ತ್ರಿಭುವನಕೀರ್ತಿ ರಸ ಅನ್ನುವ ಆಯುರ್ವೇದ ಔಷಧಿಯಲ್ಲಿ ವತ್ಸನಾಭಿ ಇದ್ದೇ ಇದೆ. ಆದರೆ ಅದನ್ನು ಗೋಮೂತ್ರದಲ್ಲಿ ದಿನಗಟ್ಟಲೆ ನೆನೆಸುವುದೋ, ಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸುವುದೋ ಮಾಡಿ, ಶೋಧನೆ, ಅಂದರೆ ವಿಷ ತಗ್ಗಿಸುವ ಕೆಲಸ, ಆದ ಮೇಲೆ ಹಾಕುತ್ತಾರೆ. ಹೊತ್ತು ಹಿಡಿದು ಬೇಯಿಸಿದರೆ ಅಕೋನಿಟಿನ್ ಒಡೆದು ವಿಷ ತಗ್ಗುತ್ತದೆ. ಅಮ್ಮನ ಎರಡು ಕುದಿಗೆ ಅದು ಬಗ್ಗುವಂಥದ್ದಲ್ಲ. ಸರ್ಕಾರದ ಔಷಧ ನಿಯಮಗಳಲ್ಲೂ ಇದು ಇ-1 ಪಟ್ಟಿಯ ವಿಷವಸ್ತು. ವೈದ್ಯರ ಉಸ್ತುವಾರಿಯಲ್ಲೇ ತೆಗೆದುಕೊಳ್ಳಿ ಅಂತ ಲೇಬಲ್ ಮೇಲೆ ಎಚ್ಚರಿಕೆ ಇರಬೇಕು. ನಮ್ಮ ಪೊಟ್ಟಣದ ಮೇಲೆ ಇದ್ದದ್ದು ಹಳೇ ಪೇಪರಿನ ಸಿನಿಮಾ ಜಾಹೀರಾತು.

ಬೇರು, ಕಷಾಯ, ಚೂರ್ಣ ಏನೇ ತಿಂದ ಮೇಲೆ ತುಟಿ ಜುಮ್ಮೆಂದರೆ ನಮ್ಮ ಹಾಗೆ ಕಾಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಉಳಿದದ್ದನ್ನು ಬಿಸಾಡದೆ ಜೊತೆಗೇ ಒಯ್ಯಿರಿ. ಎಣ್ಣೆ ರೂಪದಲ್ಲಿ ಕೊಟ್ಟರೂ ಅಷ್ಟೇ, ಚರ್ಮದ ಮೂಲಕವೂ ಇದು ಒಳಗೆ ಹೋಗುತ್ತದೆ.

ಹದಿನೈದು ದಿನ ಬಿಟ್ಟು ಆ ಜಾಗಕ್ಕೆ ಹೋಗಿದ್ದೆ. ಟೆಂಟ್ ಇರಲಿಲ್ಲ. ಒಲೆ ಹೂಡಿದ್ದ ಮೂರು ಕಲ್ಲು ಹಾಗೇ ಇದ್ದವು. “ಮೊನ್ನೆನೇ ಎತ್ತಿದ್ರು ಸಾರ್, ಚಿತ್ರದುರ್ಗದ ಕಡೆ ಹೋದ್ರು” ಅಂದ ಪಕ್ಕದ ಎಳನೀರಿನವನು.