ಬಾಕಿ ಹಣಕ್ಕೆ ಯಾವ ಬಾಗಿಲು: ಕೌನ್ಸಿಲ್ಲೋ, ಕೋರ್ಟೋ?

ಕಲಬುರಗಿಯಲ್ಲೇ ಕೂತು ಬೆಂಗಳೂರಿನ ಸ್ಟಾರ್ಟಪ್‌ಗೆ ಆ್ಯಪ್ ಬರೆದುಕೊಟ್ಟಿದ್ದೀರಿ. ಕೊನೆಯ ಕಂತು ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಏನು ಮಾಡುವುದು?

ನನ್ನ ಒಲವು ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್ ಕಡೆಗೆ, ಅಂದರೆ ಸಣ್ಣ ಉದ್ಯಮಗಳಿಗೆ ಬರಬೇಕಾದ ಬಾಕಿಯ ವಿವಾದ ನೋಡುವ ಸರ್ಕಾರಿ ಮಂಡಳಿಯ ಕಡೆಗೆ. ಒಬ್ಬರೇ ದುಡಿಯುವ ಡೆವಲಪರ್‌ಗೂ ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವುದು) ಉಚಿತ. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಡಿ, ಆಮೇಲೆ ಮಾಡಿಸಿದರೆ ತಕರಾರು ಬರುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕರಾರಿನಲ್ಲಿ ಏನೇ ಬರೆದಿರಲಿ, ಕೆಲಸಕ್ಕೆ ಒಪ್ಪಿಗೆ ಸಿಕ್ಕ ದಿನದಿಂದ ಹಣ ಕೊಡಲು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಂಪನಿ ಭಾರತದಲ್ಲಿ ಎಲ್ಲೇ ಇರಲಿ, ನೀವಿರುವ ಕಡೆಯ ಕೌನ್ಸಿಲ್‌ಗೆ ಅಧಿಕಾರವಿದೆ. ಕೌನ್ಸಿಲ್ ಆದೇಶ ಪ್ರಶ್ನಿಸಬೇಕೆಂದರೆ ಕಂಪನಿ ಮೊದಲು ಶೇ. 75 ಹಣ ಠೇವಣಿ ಇಡಬೇಕು. ಕೋಡ್ ಒಪ್ಪಿಸಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಅದು ಒಪ್ಪಿಗೆಯಾದಂತೆ. ಹಾಗಾಗಿ ವಾಟ್ಸ್ಆ್ಯಪ್ ಮಾತು ಸಾಲದು, ಇಮೇಲ್‌ನಲ್ಲೇ ಒಪ್ಪಿಸಿ.

ಕೋರ್ಟಿಗೆ ಸಾಮಾನ್ಯವಾಗಿ 3 ವರ್ಷದ ಗಡುವು. 3 ಲಕ್ಷ ಅಥವಾ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಪರಿಹಾರ ಬೇಕಿಲ್ಲದಿದ್ದಾಗ, ಮೊದಲು ಮಧ್ಯಸ್ಥಿಕೆ (ಮೀಡಿಯೇಶನ್, ಅಂದರೆ ರಾಜಿ ಮಾತುಕತೆ) ಕಡ್ಡಾಯ. ಕರಾರಿನಲ್ಲಿ ‘ಬೆಂಗಳೂರು ನ್ಯಾಯಾಲಯ ಮಾತ್ರ’ ಎಂದಿದ್ದರೆ ಪ್ರತಿ ತಾರೀಖಿಗೂ ರಾತ್ರಿ ರೈಲು ಹತ್ತಬೇಕಾದೀತು. ಸಹಿಗೆ ಮುಂಚೆ ಆ ಸಾಲನ್ನು ಹುಡುಕಿ ನೋಡಿ.

ಇತ್ತ ಕಲಬುರಗಿಯ ಸ್ಟಾರ್ಟಪ್ ನಿಮ್ಮದೇ ಆಗಿದ್ದು, ಮುಂಗಡ ಪಡೆದ ಡೆವಲಪರ್ ಕೆಲಸ ಬಿಟ್ಟುಹೋಗಿದ್ದರೆ ಕೌನ್ಸಿಲ್ ನೆಚ್ಚಬೇಡಿ. ಅದು ಇರುವುದು ಪೂರೈಕೆದಾರರ ಬಾಕಿಗೆ. ನಿಮ್ಮ ದಾರಿ ಮಧ್ಯಸ್ಥಿಕೆ, ಇಲ್ಲವೇ ಕೋರ್ಟು. ಹೊರಗುತ್ತಿಗೆಯ ಕೋಡ್‌ನ ಹಕ್ಕುಸ್ವಾಮ್ಯವೂ ಲಿಖಿತವಾಗಿ ವರ್ಗಾಯಿಸದ ಹೊರತು ಬರೆದವರದೇ.