ಫ್ರೈಡ್ ಚಿಕನ್ ಟ್ರಕ್ಕಿನ ಬಿಳಿ ಸಾಸ್ ಬಗ್ಗೆ ಎಚ್ಚರ ಇರಲಿ

ರಸ್ತೆಬದಿಯ ಫ್ರೈಡ್ ಚಿಕನ್ ಟ್ರಕ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ನಾವೆಲ್ಲ ಚಿಕನ್ ಬೆಂದಿದೆಯಾ, ಎಣ್ಣೆ ಹೇಗಿದೆ ಅಂತ ನೋಡುತ್ತೇವೆ. ಸಾಸ್ ಬಾಟಲಿಯನ್ನು ಯಾರೂ ನೋಡುವುದಿಲ್ಲ. ನಮ್ಮ ಅಕ್ಕನ ಮಗ ಡ್ರಿಪ್ ಹಾಕಿಸಿಕೊಂಡು ಮಲಗಬೇಕಾಯಿತು. ನಮ್ಮ ಅನುಮಾನ ಪೂರ್ತಿ ಅಲ್ಲಿನ ಬಿಳಿ ಸಾಸಿನ, ಅಂದರೆ ಮೇಯೊನೀಸಿನ ಮೇಲೆಯೇ.

ಬೆಂಗಳೂರಿನ ನಾಗರಭಾವಿ ಕಡೆ ಸಂಜೆ ಹೊತ್ತು ನಿಲ್ಲುವ ಟ್ರಕ್ಕು. ಹೆಸರು ಹಾಕುತ್ತಿಲ್ಲ. ಚಿಕನ್ ನಿಜವಾಗಿಯೂ ಚೆನ್ನಾಗಿತ್ತು. ಹೊರಗೆ ಗರಿಗರಿ, ಮೂಳೆ ಹತ್ತಿರವೂ ಸರಿಯಾಗಿ ಬೆಂದಿತ್ತು. ಆದರೆ ಮೇಯೊನೀಸ್, ಗಾರ್ಲಿಕ್ ಮೇಯೊ, ಪೆರಿಪೆರಿ ಬಾಟಲಿಗಳೆಲ್ಲ ಫ್ರೈಯರ್ ಪಕ್ಕದಲ್ಲೇ, ಅದರ ಬಿಸಿಗೇ ನಿಂತಿದ್ದವು. ಐಸ್ ಇಲ್ಲ, ಫ್ರಿಜ್ ಇಲ್ಲ. ಒಂದು ಬಾಟಲಿ ಖಾಲಿಯಾದಾಗ ಟ್ರಕ್ಕಿನ ಹುಡುಗ ಅದನ್ನು ತೊಳೆಯದೆ, ಕೆಳಗಿದ್ದ ಡಬ್ಬದಿಂದ ಮತ್ತೆ ತುಂಬಿಸಿದ.

"ಇದು ಪ್ಯಾಕೆಟ್ಟಿನದಾ?" ಅಂತ ಅಕ್ಕ ಕೇಳಿದಳು.

"ಇಲ್ಲ ಅಕ್ಕ, ನಾವೇ ಮಾಡೋದು. ಮೊಟ್ಟೆ ಹಾಕಿ ದಿನಾ ಫ್ರೆಶ್ ಮಾಡ್ತೀವಿ" ಅಂದ.

ಮಾರನೇ ದಿನ ಮಧ್ಯಾಹ್ನ ಅಕ್ಕನ ಮಗನಿಗೆ ಹೊಟ್ಟೆನೋವು ಶುರುವಾಯಿತು. ಆಮೇಲೆ ವಾಂತಿ, ಭೇದಿ, ಜ್ವರ. ರಾತ್ರಿಯಾಗುವಷ್ಟರಲ್ಲಿ ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ತುಟಿ ಒಣಗಿಹೋಗಿತ್ತು, ಮೂತ್ರವೇ ಬರುತ್ತಿರಲಿಲ್ಲ. ಮಕ್ಕಳಲ್ಲಿ ಇದನ್ನು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನಾವಾಗಿಯೇ ಕೊಡದೆ ಕರೆತಂದದ್ದು ಒಳ್ಳೆಯದಾಯಿತು ಅಂದರು ಡಾಕ್ಟರ್. ಬರೀ ಚಿಕನ್ ತಿಂದ ನನಗೂ ಭಾವನಿಗೂ ಏನೂ ಆಗಲಿಲ್ಲ. ಸಾಸಿನಲ್ಲಿ ಅದ್ದಿ ಅದ್ದಿ ತಿಂದ ಹುಡುಗನಿಗೆ ಜಾಸ್ತಿ, ಸ್ವಲ್ಪ ಹಚ್ಚಿಕೊಂಡ ಅಕ್ಕನಿಗೆ ಕಡಿಮೆ. ಪರೀಕ್ಷೆ ಮಾಡಿಸೋಣ ಅಂದರೆ ಸಾಸ್ ಉಳಿದಿರಲಿಲ್ಲ.

ಮೊಟ್ಟೆಯ ಮೇಯೊನೀಸನ್ನು ಒಲೆಯ ಮೇಲೆ ಇಡುವುದೇ ಇಲ್ಲ, ಅಲ್ವಾ? ಹಸಿ ಮೊಟ್ಟೆ, ಎಣ್ಣೆ, ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಹಾಕಿ ಮಿಕ್ಸಿಯಲ್ಲಿ ತಿರುಗಿಸುತ್ತಾರೆ, ಅಷ್ಟೇ. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದ್ದರೆ ಅದು ಹಾಗೇ ಸಾಸಿಗೆ ಬರುತ್ತದೆ. ಹೊರಗಿನ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಬೆಳೆಯುತ್ತಲೇ ಹೋಗುತ್ತದೆ. ಹುಳಿ ನಾತವೂ ಬರಬೇಕಿಲ್ಲ, ರುಚಿಯೂ ಕೆಡಬೇಕಿಲ್ಲ. ತಿಂದ ಮೇಲೆ ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಕಾಯಿಲೆ ಕಾಣಿಸುತ್ತದೆ. ಅದಕ್ಕೇ ತುಂಬಾ ಜನ ಬೆಳಗಿನ ಇಡ್ಲಿಯನ್ನು ಬೈಯುತ್ತಾರೆ, ಹಿಂದಿನ ರಾತ್ರಿಯದು ನೆನಪಿಗೇ ಬರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಬೀದಿಬದಿ ಮೊಮೊ ತಿಂದು ಒಬ್ಬ ಮಹಿಳೆ ತೀರಿಕೊಂಡರು. ಹಲವರು ಆಸ್ಪತ್ರೆ ಸೇರಿದರು. ಆಮೇಲೆ ತೆಲಂಗಾಣ ಸರ್ಕಾರ ಹಸಿ ಮೊಟ್ಟೆಯ ಮೇಯೊನೀಸನ್ನು ಒಂದು ವರ್ಷ ನಿಷೇಧಿಸಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡೂ ನಿಷೇಧಿಸಿತು.

ಹುಡುಗ ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನು ಟ್ರಕ್ಕಿನ ಹತ್ತಿರ ಹೋದೆ. ಜಗಳಕ್ಕಲ್ಲ, ವಿಷಯ ತಿಳಿಸೋಣ ಅಂತ. ಸಾಲ ಮಾಡಿ ಟ್ರಕ್ ಹಾಕಿರುವ ಹುಡುಗರು, ಅವರ ಹೊಟ್ಟೆಪಾಡು ನನಗೂ ಅರ್ಥವಾಗುತ್ತದೆ. ಆದರೆ "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಸರ್, ಮನೇಲಿ ಏನು ತಿಂದ್ರೋ" ಅಂದುಬಿಟ್ಟರು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನೋಂದಣಿ ಕೇಳಿದರೆ ಪೇಪರ್ ಮನೆಯಲ್ಲಿದೆಯಂತೆ. ಅದು ಗಿರಾಕಿಗೆ ಕಾಣುವ ಹಾಗೆ ಟ್ರಕ್ಕಿನಲ್ಲೇ ಇರಬೇಕು. ಬಾಟಲಿಗಳು ಅಂದೂ ಫ್ರೈಯರ್ ಪಕ್ಕದಲ್ಲೇ ಇದ್ದವು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗಲೇ.

ಇಂಥ ಕಡೆ ತಿನ್ನಲೇಬೇಡಿ ಅಂತ ಹೇಳುವುದಿಲ್ಲ, ನಾನೂ ತಿನ್ನುವವನೇ. ಬಿಳಿ ಸಾಸ್ ಮಾತ್ರ ಬಿಡಿ, ಅದರಲ್ಲೂ ಮಕ್ಕಳು, ವಯಸ್ಸಾದವರು, ಬಸುರಿಯರು ಇದ್ದರೆ. ಬೇಕೇ ಬೇಕು ಅಂದರೆ ಮೊಟ್ಟೆಯಿಲ್ಲದ ಸೀಲ್ ಪ್ಯಾಕೆಟ್ ಕೇಳಿ, ನಿಮ್ಮ ಎದುರೇ ಒಡೆಯಲಿ. ಎಣ್ಣೆ ಕಪ್ಪಾಗಿ ನೊರೆ ಬರುತ್ತಿದ್ದರೂ ಅಲ್ಲಿ ನಿಲ್ಲಬೇಡಿ. ಕಬಾಬ್ ಕಣ್ಣಿಗೆ ಹೊಡೆಯುವಷ್ಟು ಕೆಂಪಗಿದ್ದರೆ ಅದೂ ಬೇಡ. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲೇ ನಿಷೇಧಿಸಿದ್ದಾರೆ.

ದೂರನ್ನು ಫುಡ್ ಸೇಫ್ಟಿ ಕನೆಕ್ಟ್ ಆಪ್‌ನಲ್ಲಿ ಕೊಡಬಹುದು. ಟೋಲ್ ಫ್ರೀ ನಂಬರ್ 1800112100 ಕೂಡ ಇದೆ. ಟ್ರಕ್ಕಿನ ಫೋಟೋ, ನಿಂತಿದ್ದ ಜಾಗ, ದುಡ್ಡು ಕಟ್ಟಿದ ಯುಪಿಐ ಸ್ಕ್ರೀನ್‌ಶಾಟ್, ಡಾಕ್ಟರ್ ಚೀಟಿ ಇಟ್ಟುಕೊಳ್ಳಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಬೋರ್ಡಿನಲ್ಲಿ ಇದ್ದರೆ ಅದನ್ನೂ ಬರೆಯಿರಿ, ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ. ನಾವು ದೂರು ಕೊಟ್ಟಿದ್ದೇವೆ. ಆ ಕಡೆ ತಿಂದು ಹೀಗೇ ಹುಷಾರು ತಪ್ಪಿದವರು ಇದ್ದರೆ ನೀವೂ ಕೊಡಿ.